ದೀನಬಂಧು ಕುದ್ಮುಲ್ ರಂಗರಾಯರು

ಸಂಘದ ವಾರ್ಷಿಕೋತ್ಸವದ ಸಂದರ್ಭದಲ್ಲಿ ನಮ್ಮ ನುಡಿಯ ಹಿರಿಯರೊಬ್ಬರನ್ನು ಸ್ಮರಿಸುವುದು ಗಡಿನಾಡಿನವರಾದ ನಮಗೆ ಒಪ್ಪುವ ಮಾತು. ಈ ಸಲ ನಾವು ಆರಿಸಿಕೊಂಡಿರುವ ಮಹನೀಯರು ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಸೀಮೆಯವರಲ್ಲ; ಆದರೂ ನಮಗೆ ದೂರದವರಲ್ಲ. 1956ನೆಯ ಇಸವಿಯ ನವೆಂಬರ್ 1ರಂದು ರಾಯಚೂರು ಜಿಲ್ಲೆಯಿಂದ ಗದ್ವಾಲ್, ಆಲಂಪುರ ತಾಲ್ಲೂಕುಗಳು ಆಂಧ್ರಪ್ರದೇಶಕ್ಕೆ ಸೇರಿದವು. ಅದೇ ದಿನ ದಕ್ಷಿಣ ಕನ್ನಡದಿಂದ ಕಾಸರಗೋಡು ಕೇರಳಕ್ಕೆ ಸೇರಿತು. ಆ ಕಾಸರಗೋಡಿನ ಕುದ್ಮುಲ್ ಎಂಬ ಹಳ್ಳಿಯಲ್ಲಿ ಹುಟ್ಟಿ, ಮಂಗಳೂರಿನಲ್ಲಿ ಬಾಳಿ, ಬಡಮಕ್ಕಳ ವಿದ್ಯೆಗಾಗಿ ಜೀವವನ್ನು ಸವೆಸಿದ ಪುಣ್ಯಪುರುಷರು ರಂಗರಾಯರು. ಒಂದು ಗಡಿಯ ದೀಪವನ್ನು ಇನ್ನೊಂದು ಗಡಿಯ ಮನೆಗಳಿಗೆ ತೋರಿಸುವುದು ಈ ಲೇಖನದ ಉದ್ದೇಶ.

ರಂಗರಾಯರು 1859ರ ಜೂನ್ 29ರಂದು ಸಾರಸ್ವತ ಬ್ರಾಹ್ಮಣ ಕುಟುಂಬವೊಂದರಲ್ಲಿ ಜನಿಸಿದರು. ಎಳೆಯ ವಯಸ್ಸಿನಲ್ಲಿಯೇ ತಂದೆಯನ್ನು ಕಳೆದುಕೊಂಡು, ಸಂಸಾರದ ಭಾರ ಹೊತ್ತು ಮಂಗಳೂರಿಗೆ ಬಂದರು. ಅಲ್ಪ ಸಂಬಳದ ಉಪಾಧ್ಯಾಯ ವೃತ್ತಿಯಲ್ಲಿದ್ದುಕೊಂಡೇ ಓದನ್ನು ಮುಂದುವರಿಸಿ, ವಕೀಲಿ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ನ್ಯಾಯಾಲಯದಲ್ಲಿ ಹೆಸರು ಗಳಿಸಿದರು. ಬಡತನವನ್ನು ಸ್ವತಃ ಕಂಡವರಾದುದರಿಂದ ಬಡವರ ಮೊಕದ್ದಮೆಗಳನ್ನು ಅಕ್ಕರೆಯಿಂದ ನಡೆಸುತ್ತಿದ್ದರು. ಆ ಕಾಲಕ್ಕೆ ಮಂಗಳೂರಿನಲ್ಲಿ ಉಳ್ಳಾಲ ರಘುನಾಥಯ್ಯನವರ ಮುಂದಾಳುತನದಲ್ಲಿ ಬ್ರಹ್ಮಸಮಾಜ ಬೇರೂರಿತ್ತು. ಜಾತಿಭೇದವನ್ನು ಅಲ್ಲಗಳೆಯುವ, ಸ್ತ್ರೀವಿದ್ಯೆಯನ್ನೂ ವಿಧವಾವಿವಾಹವನ್ನೂ ಎತ್ತಿಹಿಡಿಯುವ ಆ ಸಮಾಜದ ತತ್ತ್ವಗಳು ರಂಗರಾಯರ ಮನಸ್ಸನ್ನು ಸೆರೆಹಿಡಿದವು. ತತ್ತ್ವವನ್ನು ಬಾಯಲ್ಲಿ ಒಪ್ಪಿ ಬಾಳಿನಲ್ಲಿ ಬದಿಗಿಡುವ ಸ್ವಭಾವ ಅವರದಾಗಿರಲಿಲ್ಲ.

ಅಂದು ಪಂಚಮರೆಂದು ಕರೆಯಲ್ಪಡುತ್ತಿದ್ದ ಜನರ ಮಕ್ಕಳಿಗೆ ಶಾಲೆಯ ಜಗಲಿಯೂ ನಿಷಿದ್ಧವಾಗಿತ್ತು. 1892ರಲ್ಲಿ ರಂಗರಾಯರು ಮಂಗಳೂರಿನ ಉರ್ವ ಚಿಲಿಂಬಿಯಲ್ಲಿ, ಬಾಡಿಗೆಯ ಕಟ್ಟಡವೊಂದರಲ್ಲಿ ಈ ಮಕ್ಕಳಿಗಾಗಿ ಶಾಲೆ ತೆರೆದರು. ಊರು ಸುಮ್ಮನಿರಲಿಲ್ಲ. ಆ ಮಕ್ಕಳಿಗೆ ಪಾಠ ಹೇಳಲು ಮೇಲ್ಜಾತಿಯ ಉಪಾಧ್ಯಾಯರು ಮುಂದೆ ಬರಲಿಲ್ಲ. ಕ್ರೈಸ್ತ ಉಪಾಧ್ಯಾಯರು ಬಂದು ಪಾಠ ಹೇಳಿದರು. ಶಾಲೆ ಒಂದೆಡೆ ನೆಲೆಯೂರಲು ಆಗದೆ ಜಾಗ ಬದಲಾಯಿಸಬೇಕಾಯಿತು. ಸ್ವಜಾತಿಯವರು ರಾಯರಿಗೆ ಬಹಿಷ್ಕಾರ ಹಾಕಿದರು. ನೆಂಟರ ಮನೆಯ ಮದುವೆ ಮುಂಜಿಗಳ ಬಾಗಿಲು ಅವರ ಪಾಲಿಗೆ ಮುಚ್ಚಿತು. ಇಂಥ ಶಿಕ್ಷೆಯ ಬಿಸಿ ಮನೆಯ ಯಜಮಾನನಿಗಿಂತ ಹೆಚ್ಚಾಗಿ ಒಳಗಿರುವ ಹೆಂಗಸರಿಗೂ ಮಕ್ಕಳಿಗೂ ತಟ್ಟುತ್ತದೆಂಬುದನ್ನು ಹಳ್ಳಿಗಾಡಿನವರಾದ ನಾವು ಬಲ್ಲೆವು. ಆದರೂ ಆ ಮನೆ ಬಗ್ಗಲಿಲ್ಲ.

ರಂಗರಾಯರ ನಿಜವಾದ ಹಿರಿಮೆ ಶಾಲೆ ತೆರೆದುದರಲ್ಲಿ ಮುಗಿಯುವುದಿಲ್ಲ. ತೆರೆದ ಶಾಲೆಗೆ ಮಕ್ಕಳು ಏಕೆ ಬರುತ್ತಿಲ್ಲವೆಂದು ಅವರು ಕೇಳಿಕೊಂಡರು. ತಾಯಿತಂದೆಗಳಿಗೆ ವಿದ್ಯೆಯ ಬೆಲೆ ತಿಳಿಯದೆಂದು ದೂರುವುದು ಸುಲಭವಾಗಿತ್ತು. ರಾಯರು ದೂರಲಿಲ್ಲ, ಲೆಕ್ಕ ಹಾಕಿದರು. ಕೂಲಿಗೆ ಹೋಗುವ ಮಗು ಒಂದಿಷ್ಟು ಗಂಜಿಯನ್ನೋ ಒಂದೆರಡು ಕಾಸನ್ನೋ ಮನೆಗೆ ತರುತ್ತದೆ. ಅದು ಶಾಲೆಯಲ್ಲಿ ಕುಳಿತರೆ ಆ ಗಂಜಿ ತಪ್ಪುತ್ತದೆ, ಆ ಕಾಸು ತಪ್ಪುತ್ತದೆ. ಹಾಗಾದರೆ ಆ ನಷ್ಟವನ್ನು ತುಂಬಿಕೊಡುವುದೂ ಶಾಲೆಯ ಕರ್ತವ್ಯವೇ ಸರಿ. ಹೀಗೆ ಅವರು ಮಕ್ಕಳಿಗೆ ಶಾಲೆಯಲ್ಲಿಯೇ ಮಧ್ಯಾಹ್ನದ ಊಟವನ್ನು ಏರ್ಪಡಿಸಿದರು. ಹಾಜರಾದ ಮಗುವಿಗೆ ದಿನಕ್ಕೆ ಎರಡು ಪೈಸೆಯಂತೆ ಕೊಡುವ ಕ್ರಮವನ್ನೂ ತಂದರು. ಇಂದು ಬಿಸಿಯೂಟವು ದೇಶದ ಸರಕಾರಿ ಶಾಲೆಗಳಲ್ಲೆಲ್ಲ ನಡೆಯುತ್ತಿದೆ. ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ, ಬೆನ್ನಿಗೆ ಸರಕಾರವಿಲ್ಲದ ಒಬ್ಬ ವಕೀಲರು ಇದನ್ನು ನಡೆಸಿದರೆಂಬುದನ್ನು ಎಷ್ಟು ಮಂದಿ ಬಲ್ಲರು?

1897ರಲ್ಲಿ ರಾಯರು ತಮ್ಮ ಕಾರ್ಯಕ್ಕೆ ಒಂದು ಸಂಸ್ಥೆಯ ರೂಪ ಕೊಟ್ಟರು. ಅದರ ಹೆಸರು ಡಿಪ್ರೆಸ್ಡ್ ಕ್ಲಾಸಸ್ ಮಿಷನ್. ನಮ್ಮ ಜಮಖಂಡಿಯಲ್ಲಿ ಹುಟ್ಟಿದ ವಿಠ್ಠಲ ರಾಮಜಿ ಶಿಂದೆಯವರು ಇದೇ ಹೆಸರಿನ ಪ್ರಸಿದ್ಧ ಸಂಸ್ಥೆಯನ್ನು ಮುಂಬಯಿಯಲ್ಲಿ ಸ್ಥಾಪಿಸಿದ್ದು 1906ರಲ್ಲಿ, ಎಂದರೆ ಒಂಬತ್ತು ವರ್ಷಗಳ ತರುವಾಯ. ಮಂಗಳೂರಿನ ಕೋರ್ಟುಗುಡ್ಡೆಯ ಬಳಿ ಮಿಷನ್ನಿನ ಮುಖ್ಯ ನೆಲೆಯಾಯಿತು. ಸುತ್ತಣ ಊರುಗಳಲ್ಲಿಯೂ ಶಾಲೆಗಳು ತೆರೆದವು. ಅಕ್ಷರದ ಜೊತೆಗೆ ಬಡಗಿ ಕೆಲಸ, ನೇಯ್ಗೆ ಮುಂತಾದ ಕಸಬುಗಳನ್ನು ಕಲಿಸುವ ಶಾಲೆಯೂ ವಿದ್ಯಾರ್ಥಿನಿಲಯವೂ ಬಂದವು. ಒಡೆಯರ ಜಾಗದಲ್ಲಿ ಗುಡಿಸಲು ಹಾಕಿಕೊಂಡವನು ಒಡೆಯರ ಮಾತು ಮೀರಿ ಮಗುವನ್ನು ಶಾಲೆಗೆ ಕಳುಹಿಸಲಾರನೆಂದು ಕಂಡಾಗ, ರಾಯರು ಸರಕಾರದಿಂದ ಭೂಮಿ ಪಡೆದು ನೆಲೆಯಿಲ್ಲದವರಿಗೆ ಹಂಚಿ, ಮನೆ ಕಟ್ಟಿಕೊಳ್ಳಲು ನೆರವಾದರು. ಎಲ್ಲರಿಗಿಂತ ಹಿಂದೆ ಬಿದ್ದಿದ್ದ ಕೊರಗರನ್ನೂ ಅವರು ಮರೆಯಲಿಲ್ಲ. ಊಟ, ಕಾಸು, ಕಸಬು, ನೆಲ: ಮಗುವಿನ ದಾರಿಯಲ್ಲಿದ್ದ ಒಂದೊಂದು ಕಲ್ಲನ್ನೂ ಅವರು ಹೀಗೆ ಎತ್ತಿಹಾಕುತ್ತ ನಡೆದರು.

ಹೆಣ್ಣುಮಕ್ಕಳ ವಿಷಯದಲ್ಲಿ ರಾಯರು ಪರರಿಗೆ ಬೋಧಿಸುವ ಮೊದಲು ತಮ್ಮ ಮನೆಯಿಂದಲೇ ತೊಡಗಿದರು. ಹುಡುಗಿಯರನ್ನು ಹತ್ತು ಹನ್ನೆರಡರ ವಯಸ್ಸಿಗೇ ಧಾರೆಯೆರೆದು ಕೊಡುತ್ತಿದ್ದ ಕಾಲದಲ್ಲಿ ಮಗಳು ರಾಧಾಬಾಯಿಯವರನ್ನು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನವರೆಗೆ ಓದಿಸಿದರು. 1912ರಲ್ಲಿ ರಾಧಾಬಾಯಿಯವರು ತಮಿಳುನಾಡಿನ ಕುಮಾರಮಂಗಲದ ಜಮೀನುದಾರರಾದ ಪಿ. ಸುಬ್ಬರಾಯನ್ ಅವರನ್ನು ವರಿಸಿದರು. ಜಾತಿ ಬೇರೆ, ನುಡಿ ಬೇರೆ. ತಂದೆಯ ಆಶೀರ್ವಾದ ಮಾತ್ರ ಪೂರ್ಣವಾಗಿತ್ತು. ರಾಧಾಬಾಯಿ ಸುಬ್ಬರಾಯನ್ ಅವರು 1930ರಲ್ಲಿ ಲಂಡನ್ನಿನ ಮೊದಲ ದುಂಡುಮೇಜಿನ ಪರಿಷತ್ತಿಗೆ ಹೋದ ಇಬ್ಬರು ಭಾರತೀಯ ಮಹಿಳೆಯರಲ್ಲಿ ಒಬ್ಬರಾದರು. 1938ರಲ್ಲಿ ಅಂದಿನ ಕೇಂದ್ರದ ಮೇಲ್ಮನೆಗೆ ಆಯ್ಕೆಗೊಂಡ ಮೊದಲ ಮಹಿಳೆಯೆಂಬ ಕೀರ್ತಿಯೂ ಅವರದಾಯಿತು. ಅವರ ಮಗಳು ಪಾರ್ವತಿ ಕೃಷ್ಣನ್ ಅವರು ಸ್ವತಂತ್ರ ಭಾರತದ ಸಂಸತ್ತಿನಲ್ಲಿ ಕುಳಿತರು. ಒಂದು ಹುಡುಗಿಯನ್ನು ಓದಿಸಿದ ಫಲವು ಎರಡು ತಲೆಮಾರಿನವರೆಗೆ ಹೀಗೆ ಹಬ್ಬಿತು.

ವಿದ್ಯೆ ದೊರೆತರೆ ಸಾಲದು, ಊರಿನ ಕಾರುಬಾರಿನಲ್ಲಿ ಮಾತು ನಡೆಯಬೇಕೆಂಬುದೂ ರಾಯರಿಗೆ ಗೊತ್ತಿತ್ತು. ಬಾವಿ ಎಲ್ಲಿ ತೋಡಬೇಕು, ದಾರಿ ಯಾವ ಕೇರಿಗೆ ಹೋಗಬೇಕು ಎಂಬುದನ್ನು ನಿರ್ಧರಿಸುವ ಸಭೆಯಲ್ಲಿ ಆ ಕೇರಿಯವನೇ ಇಲ್ಲದಿದ್ದರೆ ಕೇಳುವವರು ಯಾರು? ಅವರ ಪ್ರಯತ್ನದಿಂದ ಅಂಗಾರ ಮಾಸ್ತರು, ಗೋವಿಂದ ಮಾಸ್ತರು ಎಂಬ ಇಬ್ಬರು ದಲಿತ ಉಪಾಧ್ಯಾಯರು ಜಿಲ್ಲಾ ಬೋರ್ಡು ಮತ್ತು ಪುರಸಭೆಗಳಿಗೆ ಸದಸ್ಯರಾಗಿ ನೇಮಕಗೊಂಡರು. ಮುಟ್ಟಿಸಿಕೊಳ್ಳಬಾರದೆಂದು ಊರು ದೂರವಿಟ್ಟವರು ಊರಿನ ಆಡಳಿತದ ಪೀಠದಲ್ಲಿ ಕುಳಿತುದು ಅಂದಿಗೆ ಸಣ್ಣ ಮಾತಾಗಿರಲಿಲ್ಲ.

ರವೀಂದ್ರನಾಥ ಠಾಕೂರರೂ ದೀನಬಂಧು ಆಂಡ್ರೂಸರೂ ಮಂಗಳೂರಿಗೆ ಬಂದು ಈ ಕಾರ್ಯವನ್ನು ಕಂಡು ಮೆಚ್ಚಿದರು. ಸರಕಾರ ರಾವ್ ಸಾಹೇಬ್ ಬಿರುದನ್ನಿತ್ತಿತು. ವಯಸ್ಸು ಮಾಗಿದಾಗ ರಾಯರು ತಾವು ಕಟ್ಟಿದ ಸಂಸ್ಥೆಯನ್ನು ತಮ್ಮದೆಂದು ಹಿಡಿದುಕೊಳ್ಳದೆ ಭಾರತ ಸೇವಕ ಸಮಾಜದ ಕೈಗೊಪ್ಪಿಸಿದರು. 1927ರಲ್ಲಿ ಸಂನ್ಯಾಸ ಸ್ವೀಕರಿಸಿ ಸ್ವಾಮಿ ಈಶ್ವರಾನಂದರಾದರು. 1928ರ ಜನವರಿ 30ರಂದು ಅವರು ಕಾಲವಶರಾದರು. ತಮ್ಮ ದೇಹವನ್ನು ಊರಿನ ಕಸ ಗುಡಿಸುವ ತೋಟಿಗಳೇ ಹೊತ್ತು ಅಂತ್ಯಸಂಸ್ಕಾರ ಮಾಡಬೇಕೆಂಬುದು ಅವರ ಕೊನೆಯ ಇಚ್ಛೆಯಾಗಿತ್ತು. ಅದು ಹಾಗೆಯೇ ನಡೆಯಿತು. ತಮ್ಮ ಶಾಲೆಯಲ್ಲಿ ಕಲಿತ ಮಗುವೊಂದು ಸರಕಾರಿ ಅಧಿಕಾರಿಯಾಗಿ ಊರ ಬೀದಿಯಲ್ಲಿ ಮೋಟಾರಿನಲ್ಲಿ ಹೋಗುವಾಗ ಏಳುವ ಧೂಳು ತಮ್ಮ ತಲೆಗೆ ಸೋಕಿದರೆ ಜನ್ಮ ಸಾರ್ಥಕವೆಂದು ಅವರು ಬಯಸಿದ್ದರೆಂಬುದನ್ನು ಕರಾವಳಿಯ ಜನ ಇಂದಿಗೂ ಭಕ್ತಿಯಿಂದ ಹೇಳುತ್ತಾರೆ. ನಂದಿಗುಡ್ಡೆಯಲ್ಲಿ ಅವರ ಸಮಾಧಿಯಿದೆ. 1934ರ ಫೆಬ್ರವರಿಯಲ್ಲಿ ಮಹಾತ್ಮಾ ಗಾಂಧಿಯವರು ಹರಿಜನ ಯಾತ್ರೆಯಲ್ಲಿ ಮಂಗಳೂರಿಗೆ ಬಂದಾಗ ರಾಯರನ್ನು ಗುರುಸಮಾನರೆಂದು ಗೌರವಿಸಿದರೆಂದು ಅಲ್ಲಿಯ ಹಿರಿಯರು ಹೇಳುತ್ತ ಬಂದಿದ್ದಾರೆ. ಒಮ್ಮೆ ಬಹಿಷ್ಕಾರ ಕಂಡ ಅದೇ ಊರಿನ ಪುರಭವನ ಇಂದು ಅವರ ಹೆಸರನ್ನು ಹೊತ್ತು ನಿಂತಿದೆ.

ಈ ಚರಿತ್ರೆಯನ್ನು ನಮ್ಮ ಕೃಷ್ಣಾತೀರದ ಮನೆಗಳಲ್ಲಿ ಓದುವುದೇಕೆ? ಕರಾವಳಿಯ ಬೆಳಕು ಈ ಕಡೆಗೆ ಹಿಂದೆಯೂ ಬಂದುದುಂಟು. ಮಂಗಳೂರಿನಲ್ಲಿ ಹುಟ್ಟಿದ ಪಂಡಿತ ತಾರಾನಾಥರು ರಾಯಚೂರಿಗೆ ಬಂದು ಹಮ್ದರ್ದ್ ಶಾಲೆಯನ್ನು ಕಟ್ಟಿ, ನಿಜಾಮರ ಆಳ್ವಿಕೆಯ ಕನ್ನಡ ಮಕ್ಕಳಿಗೆ ದಾರಿ ತೋರಿದರು. ಆದರೆ ಓದುವುದಕ್ಕೆ ಇನ್ನೂ ಹತ್ತಿರದ ಕಾರಣವೊಂದಿದೆ. ರಾಯರು ಹಾಕಿದ ಆ ಹಳೆಯ ಲೆಕ್ಕ ನಮ್ಮ ಊರುಗಳಲ್ಲಿ ಇನ್ನೂ ಬಗೆಹರಿದಿಲ್ಲ. ಗದ್ವಾಲ್ ಸೀಮೆಯ ಹತ್ತಿಬೀಜದ ಹೊಲಗಳಲ್ಲಿ ಹೂವಿಗೆ ಹೂ ಮುಟ್ಟಿಸುವ ಕೆಲಸಕ್ಕೆ ಸಣ್ಣ ಕೈಗಳೇ ಬೇಕೆಂದು ಹುಡುಗಿಯರನ್ನು ಶಾಲೆ ಬಿಡಿಸಿದ ವರ್ಷಗಳನ್ನು ನಾವು ಕಂಡಿದ್ದೇವೆ. ಪಾಲಮೂರು ಕೂಲಿಗಳೆಂದು ಹೆಸರಾದ ನಮ್ಮ ಜನ ಮಳೆ ಕೈಕೊಟ್ಟಾಗ ಮಕ್ಕಳನ್ನೂ ಕಟ್ಟಿಕೊಂಡು ದೂರದ ಊರುಗಳಿಗೆ ಗುಳೆ ಹೋದುದನ್ನು ಕಂಡಿದ್ದೇವೆ. ಎಳೆಯ ಹುಡುಗಿಯರನ್ನು ದೇವರ ಹೆಸರಿನಲ್ಲಿ ಜೋಗಿನಿಯರನ್ನಾಗಿ ಬಿಡುವ ಪದ್ಧತಿ ನಾರಾಯಣಪೇಟೆಯ ಸುತ್ತಲೂ ಇದ್ದುದನ್ನು ಬಲ್ಲೆವು. ಅದನ್ನು ನಿಷೇಧಿಸುವ ಕಾನೂನು ಆಂಧ್ರಪ್ರದೇಶದಲ್ಲಿ ಬಂದುದು 1988ರಲ್ಲಿ. ಬಾಲ್ಯವಿವಾಹವನ್ನು ತಡೆಯುವ ಈಗಿನ ಕಾನೂನು 2006ರದು. ಕಾನೂನು ಬಂದ ಮಾತ್ರಕ್ಕೆ ಹುಡುಗಿ ತಾನಾಗಿ ಶಾಲೆಗೆ ನಡೆದು ಬರುವುದಿಲ್ಲ. ಅವಳನ್ನು ಹಿಡಿದು ನಿಲ್ಲಿಸಿದ ಕಲ್ಲು ಯಾವುದೆಂದು ಆ ಕೇರಿಗೆ ಹೋಗಿ ಕೇಳಬೇಕಾಗುತ್ತದೆ.

ಕೇಳುವ ಅಧಿಕಾರವೂ ಇಂದು ನಮ್ಮ ಕೈಯಲ್ಲಿದೆ. 2009ರ ಶಿಕ್ಷಣ ಹಕ್ಕಿನ ಕಾಯಿದೆಯು ಸರಕಾರಿ ಶಾಲೆಯ ನಿರ್ವಹಣೆಯ ಸಮಿತಿಯಲ್ಲಿ ಮುಕ್ಕಾಲು ಪಾಲು ಸದಸ್ಯರು ಮಕ್ಕಳ ತಾಯಿತಂದೆಗಳೇ ಆಗಿರಬೇಕೆಂದೂ, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಸ್ತ್ರೀಯರಿರಬೇಕೆಂದೂ ವಿಧಿಸಿದೆ. ರಂಗರಾಯರು ಇಬ್ಬರು ಮಾಸ್ತರರಿಗೆ ಎರಡು ಪೀಠಗಳನ್ನು ದೊರಕಿಸಲು ಬಹುವಾಗಿ ಶ್ರಮಪಟ್ಟರು. ನಮ್ಮ ಹಳ್ಳಿಯ ಕನ್ನಡ ಶಾಲೆಯ ಸಭೆಯಲ್ಲಿ ನಮಗಾಗಿ ಕಾದಿರುವ ಪೀಠಗಳು ಖಾಲಿ ಉಳಿದರೆ ತಪ್ಪು ಕಾಯಿದೆಯದಲ್ಲ. ಕನ್ನಡ ಶಾಲೆ ಉಳಿಯಬೇಕೆಂದು ನಾವು ವೇದಿಕೆಯ ಮೇಲೆ ನುಡಿಯುವುದುಂಟು. ಅದು ಉಳಿಯುವುದು ಅಲ್ಲಿ ಕುಳಿತ ಮಕ್ಕಳ ಸಂಖ್ಯೆಯಿಂದ. ಮುಖ್ಯವಾಗಿ, ಏಳನೆಯ ತರಗತಿಯ ಆಚೆಗೂ ಓದನ್ನು ಬಿಡದ ಹುಡುಗಿಯರಿಂದ.

ಸೋದರ ಸೋದರಿಯರೇ, ಉತ್ಸವ ಮುಗಿದು ಮನೆಗೆ ಮರಳಿದ ಮೇಲೆ ನಮ್ಮ ನಮ್ಮ ಕೇರಿಯಲ್ಲಿ ಶಾಲೆ ಬಿಟ್ಟಿರುವ ಹುಡುಗಿ ಯಾರು, ಏತಕ್ಕಾಗಿ ಬಿಟ್ಟಳು ಎಂಬುದನ್ನು ವಿಚಾರಿಸೋಣ. ಅವಳ ಮನೆಯ ನಷ್ಟ ದಿನಕ್ಕೆ ಎಷ್ಟೆಂದು ರಾಯರಂತೆ ಲೆಕ್ಕ ಹಾಕೋಣ. ಅದನ್ನು ತುಂಬುವ ಬಗೆಯನ್ನು ಊರವರೆಲ್ಲ ಕೂಡಿ ಹುಡುಕೋಣ.