ಬಿರುಕಿನ ಗುಟ್ಟನ್ನು ಅರಿತ ವಿಜ್ಞಾನಿ

ಕನ್ನಡಿಯಂಗಡಿಯವನು ಗಾಜಿನ ಹಲಗೆಯನ್ನು ಗರಗಸದಿಂದ ಕೊಯ್ಯುವುದಿಲ್ಲ. ವಜ್ರದ ಮೊನೆಯಿಂದ ಅದರ ಮೇಲೊಂದು ಗೀರೆಳೆದು, ಎರಡು ಬದಿಗಳನ್ನೂ ಹಿಡಿದು ಮೆಲ್ಲನೆ ಬಾಗಿಸುತ್ತಾನೆ. ಗಾಜು ಗೀರಿನುದ್ದಕ್ಕೂ ಎರಡಾಗುತ್ತದೆ. ಅಷ್ಟು ಗಟ್ಟಿಯಾದ ವಸ್ತುವನ್ನು ಕೂದಲೆಳೆಯಂತಹ ಗೀರು ಮುರಿಯುವುದು ಹೇಗೆ? ಎಲ್ಲರೂ ಕಂಡಿರುವ ಈ ಸಂಗತಿಯ ಕಾರಣವನ್ನು ಲೆಕ್ಕಹಾಕಿ ತೋರಿಸಿದವನು ಇಂಗ್ಲೆಂಡಿನ ಎಂಜಿನಿಯರ್ ಅಲನ್ ಆರ್ನಲ್ಡ್ ಗ್ರಿಫಿತ್.

ಗ್ರಿಫಿತನು 1893ರ ಜೂನ್ 13ರಂದು ಲಂಡನ್ನಿನಲ್ಲಿ ಜನಿಸಿದನು. ತಂದೆ ಜಾರ್ಜ್ ಗ್ರಿಫಿತ್ ಆಕಾಶನೌಕೆಗಳ ಅದ್ಭುತ ಕಥೆಗಳನ್ನು ಬರೆದು ಹೆಸರಾದವನು. 1906ರಲ್ಲಿ ಆತನು ತೀರಿಕೊಂಡಾಗ ಮಗನಿನ್ನೂ ಬಾಲಕ. ಲಿವರ್‌ಪೂಲ್ ವಿಶ್ವವಿದ್ಯಾನಿಲಯದಲ್ಲಿ ಯಂತ್ರಶಾಸ್ತ್ರವನ್ನು ಅಭ್ಯಾಸಮಾಡಿದ ಗ್ರಿಫಿತನು 1915ರಲ್ಲಿ ಫಾರ್ನ್‌ಬರೋದ ಸರ್ಕಾರಿ ವಿಮಾನ ಕಾರ್ಖಾನೆಯನ್ನು ಸೇರಿದನು. ಲೋಹದ ದಂಡದ ಮೇಲೆ ಸಣ್ಣ ಗೀರುಗಳಿದ್ದರೂ ಅದರ ಬಲ ಕುಗ್ಗುವುದೇಕೆಂಬ ಪ್ರಶ್ನೆ ಅಲ್ಲಿ ಅವನನ್ನು ಕಾಡಿತು.

ಪ್ರಯೋಗಕ್ಕಾಗಿ ಅವನು ಗಾಜನ್ನು ಆರಿಸಿಕೊಂಡನು. ಕಾಯಿಸಿದ ಗಾಜಿನಿಂದ ಸೂಕ್ಷ್ಮವಾದ ಎಳೆಗಳನ್ನು ತೆಗೆದು, ಒಂದೊಂದನ್ನೂ ಜಗ್ಗಿ ಮುರಿದು ನೋಡಿದನು. ಎಳೆ ತೆಳುವಾದಷ್ಟೂ ಗಾಜು ಬಲವಾಗುತ್ತಿತ್ತು. ಮಿಲಿಮೀಟರಿನ ಸಾವಿರದಲ್ಲಿ ಮೂರು ಭಾಗದಷ್ಟು ದಪ್ಪವಿದ್ದ ಎಳೆಯು ಸಾಮಾನ್ಯ ಗಾಜಿಗಿಂತ ಸುಮಾರು 20 ಪಟ್ಟು ಪ್ರಬಲವಾಗಿತ್ತು. ಗಾಜು ಸ್ವಭಾವತಃ ದುರ್ಬಲವಲ್ಲ, ಕಣ್ಣಿಗೆ ಕಾಣದ ಬಿರುಕುಗಳೇ ಅದನ್ನು ದುರ್ಬಲಗೊಳಿಸುತ್ತವೆ ಎಂದು ಅವನು ತೀರ್ಮಾನಿಸಿದನು.

1921ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಅವನು ಇದರ ನಿಯಮವನ್ನು ವಿವರಿಸಿದನು. ಎಳೆದ ಬಿಲ್ಲಿನಲ್ಲಿರುವಂತೆ ಜಗ್ಗಿದ ವಸ್ತುವಿನಲ್ಲಿಯೂ ಶಕ್ತಿ ಅಡಗಿರುತ್ತದೆ. ಬಿರುಕು ಬೆಳೆದಾಗ ಅದರಲ್ಲಿ ಸ್ವಲ್ಪ ಬಿಡುಗಡೆಯಾಗುತ್ತದೆ. ಬಿರುಕಿನ ಎರಡು ಹೊಸ ಮೈಗಳು ಉಂಟಾಗಲು ಶಕ್ತಿ ವೆಚ್ಚವೂ ಆಗುತ್ತದೆ. ಬಿಡುಗಡೆಯಾದ ಶಕ್ತಿ ಈ ವೆಚ್ಚವನ್ನು ಮೀರಿದೊಡನೆ ಬಿರುಕು ತಾನಾಗಿಯೇ ಓಡತೊಡಗುತ್ತದೆ. ಬಿರುಕಿನ ಉದ್ದ ನಾಲ್ಕು ಪಟ್ಟಾದರೆ ವಸ್ತು ತಾಳಬಲ್ಲ ಸೆಳೆತ ಅರ್ಧಕ್ಕಿಳಿಯುತ್ತದೆ.

ಮುಂದೆ ಗ್ರಿಫಿತನ ಗಮನ ಎಂಜಿನ್ನುಗಳ ಕಡೆಗೆ ಹರಿಯಿತು. ಟರ್ಬೈನಿನ ಅಲಗುಗಳನ್ನು ವಿಮಾನದ ರೆಕ್ಕೆಯ ಆಕಾರದಲ್ಲಿ ರೂಪಿಸಿದರೆ ಅವು ಸಮರ್ಥವಾಗಿ ಕೆಲಸಮಾಡುವುವೆಂದು 1926ರಲ್ಲಿ ತೋರಿಸಿದನು. ಇಷ್ಟು ಬಲ್ಲವನೂ ಒಮ್ಮೆ ಎಡವಿದನು. 1929ರಲ್ಲಿ ಫ್ರಾಂಕ್ ವಿಟ್ಲ್ ಎಂಬ ತರುಣ ವಾಯುಪಡೆ ಅಧಿಕಾರಿಯು ಜೆಟ್ ಎಂಜಿನ್ನಿನ ಯೋಜನೆಯನ್ನು ಸರ್ಕಾರದ ಮುಂದಿಟ್ಟಾಗ, ಅದನ್ನು ಪರಿಶೀಲಿಸಿದ ಗ್ರಿಫಿತನು ಲೆಕ್ಕದಲ್ಲಿದ್ದ ತಪ್ಪನ್ನು ಎತ್ತಿ ತೋರಿಸಿ, ಯೋಜನೆಯನ್ನು ಒಪ್ಪಲಿಲ್ಲ. ವಿಟ್ಲನಿಗೆ ಸರ್ಕಾರದ ನೆರವು ಬಹುಕಾಲ ದೊರೆಯಲಿಲ್ಲ. ಆದರೂ ಅವನ ಎಂಜಿನ್ನನ್ನು ಹೊತ್ತ ವಿಮಾನವು 1941ರಲ್ಲಿ ಹಾರಿತು. 1939ರಲ್ಲಿ ರೋಲ್ಸ್ ರಾಯ್ಸ್ ಸಂಸ್ಥೆಯನ್ನು ಸೇರಿದ್ದ ಗ್ರಿಫಿತನ ವಿಚಾರಗಳಿಂದ ಏವನ್ ಎಂಬ ಜೆಟ್ ಎಂಜಿನ್ ರೂಪುಗೊಂಡಿತು. ಭಾರತೀಯ ವಾಯುಪಡೆಯ ಹಂಟರ್ ಮತ್ತು ಕ್ಯಾನ್‌ಬೆರಾ ವಿಮಾನಗಳಲ್ಲಿಯೂ ಆ ಎಂಜಿನ್ನುಗಳಿದ್ದವು.

ಬಿರುಕಿನ ಸಿದ್ಧಾಂತವನ್ನು ಮಾತ್ರ ಎಂಜಿನಿಯರುಗಳು ಬಹುಕಾಲ ಅಷ್ಟಾಗಿ ಲಕ್ಷಿಸಲಿಲ್ಲ. ಗಾಜಿಗೆ ಹೊಂದುವ ಲೆಕ್ಕ ಲೋಹಕ್ಕೆ ನೇರವಾಗಿ ಹೊಂದುತ್ತಿರಲಿಲ್ಲ. 1954ರಲ್ಲಿ ಎರಡು ಕಾಮೆಟ್ ಜೆಟ್ ವಿಮಾನಗಳು ಆಕಾಶದಲ್ಲಿಯೇ ಒಡೆದು 56 ಮಂದಿ ಮಡಿದರು. ಪ್ರತಿ ಹಾರಾಟದ ಒತ್ತಡದಿಂದ ವಿಮಾನದ ಹೊರಕವಚದಲ್ಲಿ ಬಿರುಕು ಬೆಳೆದಿದ್ದುದೇ ಕಾರಣವೆಂದು ಫಾರ್ನ್‌ಬರೋದಲ್ಲಿ ನಡೆದ ಪರೀಕ್ಷೆಗಳು ತಿಳಿಸಿದವು. ಅದೇ ದಶಕದಲ್ಲಿ ಅಮೆರಿಕದ ಜಾರ್ಜ್ ಇರ್ವಿನ್ ಗ್ರಿಫಿತನ ಲೆಕ್ಕವನ್ನು ಲೋಹಗಳಿಗೂ ಹೊಂದುವಂತೆ ವಿಸ್ತರಿಸಿದನು. ಬಿರುಕು ಬೆಳೆಯದಂತೆ ವಸ್ತುವು ಒಡ್ಡುವ ತಡೆಯನ್ನು ಭಂಗನಿರೋಧವೆನ್ನಬಹುದು. ಅದನ್ನು ಅಳೆಯುವುದು ಹೀಗೆ ಸಾಧ್ಯವಾಯಿತು.

ಗ್ರಿಫಿತನು 1963ರ ಅಕ್ಟೋಬರ್ 13ರಂದು ನಿಧನಹೊಂದಿದನು. ಅವನು ದುಡಿದ ಎರಡು ಕ್ಷೇತ್ರಗಳು ಇಂದು ಜೆಟ್ ಎಂಜಿನ್ನಿನ ಒಂದು ತೆಳುವಾದ ಹೊದಿಕೆಯಲ್ಲಿ ಕೂಡಿವೆ. ಟರ್ಬೈನಿನೊಳಗೆ ನುಗ್ಗುವ ಅನಿಲವು ಅಲಗಿನ ಲೋಹವನ್ನೇ ಕರಗಿಸುವಷ್ಟು ಬಿಸಿಯಾಗಿರುತ್ತದೆ. ಅಲಗಿನ ಒಳಗೆ ತಂಪುಗಾಳಿಯನ್ನು ಹರಿಸುತ್ತಾರೆ. ಹೊರಮೈಗೆ ಅರ್ಧ ಮಿಲಿಮೀಟರಿಗೂ ಕಡಿಮೆ ದಪ್ಪದ ಪಿಂಗಾಣಿಯ ಜಾತಿಯ ಹೊದಿಕೆಯನ್ನು ಬಳಿಯುತ್ತಾರೆ. ಪ್ರತಿ ಹಾರಾಟದಲ್ಲಿಯೂ ಅಲಗು ಕಾದು ತಣಿಯುತ್ತದೆ. ಲೋಹವು ಹೆಚ್ಚಾಗಿಯೂ ಹೊದಿಕೆಯು ಕಡಿಮೆಯಾಗಿಯೂ ಹಿಗ್ಗುವುದರಿಂದ ನಡುವೆ ಬಿರುಕು ಹುಟ್ಟಿ, ಬೆಳೆದು, ಹೊದಿಕೆ ಚಕ್ಕೆಯಾಗಿ ಕಳಚುತ್ತದೆ. ಆಗ ಲೋಹಕ್ಕೆ ರಕ್ಷಣೆಯಿಲ್ಲ. ತೂಕದಲ್ಲಿ ನೂರಕ್ಕೆ ಸುಮಾರು ಏಳು ಪಾಲು ಇಟ್ರಿಯ ಬೆರೆಸಿದ ಜಿರ್ಕೋನಿಯದ ಹೊದಿಕೆ 1970ರ ದಶಕದಿಂದ ಮೇಲ್ಪಂಕ್ತಿಯಲ್ಲಿ ನಿಂತಿದೆ. ಶಾಖವನ್ನು ಇದಕ್ಕಿಂತ ಚೆನ್ನಾಗಿ ತಡೆಯುವ ವಸ್ತುಗಳುಂಟು. ಅವುಗಳಲ್ಲಿ ಹಲವಕ್ಕೆ ಇಷ್ಟು ಭಂಗನಿರೋಧವಿಲ್ಲ.

ಒಂದು ಹೊದಿಕೆ ಎಷ್ಟು ಹಾರಾಟಗಳನ್ನು ತಾಳೀತೆಂದು ಅಂದಾಜುಮಾಡುವ ಎಂಜಿನಿಯರನು, ಗ್ರಿಫಿತನು ಗಾಜಿನ ಎಳೆಗಳನ್ನು ಮುರಿದು ಕಂಡುಕೊಂಡ ಶಕ್ತಿಯ ಲೆಕ್ಕವನ್ನೇ ಇಂದಿಗೂ ಆಶ್ರಯಿಸುತ್ತಾನೆ.