ಶಾಂತಾ ಆಪ್ಟೆ: ದುಧನಿಯ ಬಾಲಗಾಯಕಿ

ಸೊಲ್ಲಾಪುರದಿಂದ ಕಲಬುರ್ಗಿಯತ್ತ ರೈಲಿನಲ್ಲಿ ಸಾಗುವ ನಮ್ಮ ಜನರಿಗೆ ದುಧನಿ ನಿಲ್ದಾಣವು ಅಪರಿಚಿತವಲ್ಲ. ಕನ್ನಡ ನುಡಿ ಕಿವಿಗೆ ಬೀಳುವ ಈ ಗಡಿಯೂರಿನಲ್ಲಿಯೇ 1916ರಲ್ಲಿ, ಮರಾಠಿ ಮನೆತನವೊಂದರಲ್ಲಿ, ಶಾಂತಾ ಆಪ್ಟೆ ಜನಿಸಿದರು. ತಂದೆ ಸ್ಟೇಷನ್ ಮಾಸ್ತರರು, ಸಂಗೀತಪ್ರಿಯರು. ಪಂಢರಪುರದ ಮಹಾರಾಷ್ಟ್ರ ಸಂಗೀತ ವಿದ್ಯಾಲಯದಲ್ಲಿ ಬಾಲಿಕೆಗೆ ಗಾಯನದ ಪಾಠವಾಯಿತು. ಪುಣೆಯ ಗಣೇಶೋತ್ಸವದ ವೇದಿಕೆಗಳಲ್ಲಿ ಅದರ ಪರೀಕ್ಷೆಯಾಯಿತು. ಇದೇನೂ ಸುಲಭದ ಪರೀಕ್ಷೆಯಲ್ಲ. ಟಿಕೇಟು ಕೊಳ್ಳದೆ ಬಂದ ಶ್ರೋತೃವು ಬೇಸರವಾದೊಡನೆ ಎದ್ದು ಹೋಗಬಲ್ಲನಷ್ಟೆ! ಅಣ್ಣ ಬಾಬೂರಾವ್ ತಂಗಿಯ ವ್ಯವಹಾರಗಳನ್ನೆಲ್ಲ ತಾನೇ ನೋಡಿಕೊಳ್ಳುತ್ತಿದ್ದನು.

1931ರಲ್ಲಿ ಚಿತ್ರಕ್ಕೆ ಮಾತು ಬಂದಿತು. ಹಾಡಬಲ್ಲವರಿಗೆ ಬೇಡಿಕೆಯೂ ಬಂದಿತು. ಮರುವರ್ಷವೇ ಪುಣೆಯ ಸರಸ್ವತಿ ಸಿನೆಟೋನಿನ 'ಶ್ಯಾಮಸುಂದರ'ದಲ್ಲಿ ಭಾಲಜಿ ಪೆಂಢಾರಕರರು ಆಕೆಗೆ ಎಳೆಯ ರಾಧೆಯ ಪಾತ್ರವನ್ನು ಕೊಟ್ಟರು. ಕೃಷ್ಣನಾಗಿ ಅಹಮದನಗರದ ಬಾಲಕ ಶಾಹೂ ಮೋಡಕ. ಚಿತ್ರವು ಮುಂಬಯಿಯಲ್ಲಿ ಇಪ್ಪತ್ತೈದು ವಾರ ನಡೆಯಿತು. ಮೋಡಕ ಮುಂದೆಯೂ ಎಷ್ಟೋ ಚಿತ್ರಗಳಲ್ಲಿ ಕೃಷ್ಣನೇ ಆದನು. ರಾಧೆ ಮಾತ್ರ ಎರಡು ವರ್ಷ ಕಾಯಬೇಕಾಯಿತು.

ಅಷ್ಟರಲ್ಲಿ, 1933ರಲ್ಲಿ, ಪ್ರಭಾತ ಸಂಸ್ಥೆಯು ಕೊಲ್ಹಾಪುರವನ್ನು ಬಿಟ್ಟು ಪುಣೆಗೆ ಬಂದಿತ್ತು. ಶಾಂತಾರಾಮರ 'ಅಮೃತಮಂಥನ'ದಲ್ಲಿ (1934) ಶಾಂತಾರಿಗೆ ದೊರೆತುದು ನಾಯಕಿಯ ಪಾತ್ರವಲ್ಲ, ನಾಯಕನ ತಂಗಿ ಸುಮಿತ್ರೆಯ ಪಾತ್ರ. ಆದರೂ ಹೆಸರು ತಂದುದು ಅದೇ. ಆಗಿನ ಚಿತ್ರಗಳಲ್ಲಿ ಹಾಡು ಬಂದಿತೆಂದರೆ ಪಾತ್ರವು ಸಾಮಾನ್ಯವಾಗಿ ನಿಂತಲ್ಲಿಯೇ ನಿಂತು ಹಾಡುತ್ತಿತ್ತು. ನಾಟಕದ ರೂಢಿ ಅದು. ಚಿತ್ರೀಕರಣದ ವೇಳೆಯಲ್ಲಿಯೇ ಹಾಡನ್ನೂ ಮುದ್ರಿಸಬೇಕಾಗಿದ್ದುದರಿಂದ ಮೈಕ್ರೋಫೋನಿನ ಕಟ್ಟೂ ಇತ್ತು. ಕೇಶವರಾವ್ ಭೋಳೆಯವರ ಸಂಗೀತದಲ್ಲಿ ಈ ಹುಡುಗಿಯು ಕಣ್ಣಿನಿಂದಲೂ ಕೈಗಳಿಂದಲೂ ಹಾಡಿದಳು. ಪಂಢರಪುರವು ಕಂಠವನ್ನು ತಿದ್ದಿತ್ತು. ಮುಖಕ್ಕೆ ಭಾವವನ್ನು ಕಲಿಸಿದುದು ಪ್ರಭಾತವೆಂದೇ ನಮ್ಮೆಣಿಕೆ.

1937ರ 'ಕುಂಕು'ವಿನಲ್ಲಿ ಮುದಿ ವರನನ್ನು ಪತಿಯೆಂದು ಒಪ್ಪದ ನೀರೆಯಾಗಿ ಆಕೆಯ ಕೀರ್ತಿ ದೇಶವೆಲ್ಲ ಹಬ್ಬಿತು. ಎರಡೇ ವರ್ಷಗಳಲ್ಲಿ ಒಪ್ಪಂದದ ವಿವಾದವೆದ್ದು, ಈ ತಾರೆಯು ಪ್ರಭಾತದ ಬಾಗಿಲಲ್ಲಿಯೇ ಉಪವಾಸ ಕುಳಿತಳು. ದುಡಿಮೆಗಾರನ ಅಸ್ತ್ರವನ್ನು ನಟಿಯೊಬ್ಬಳು ಹಿಡಿದುದು ಆ ಕಾಲಕ್ಕೆ ಅಪೂರ್ವ. ಮುಂದೆ 1941ರಲ್ಲಿ ತಮಿಳು 'ಸಾವಿತ್ರಿ'ಗಾಗಿ ಆ ಭಾಷೆಯನ್ನು ಕಲಿತು ಮಾತುಗಳನ್ನು ತಾನೇ ಆಡಿದಳು. ಅದರ ನಿರ್ದೇಶಕರು ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ'ದ ವೈ. ವಿ. ರಾವ್.

1964ರ ಫೆಬ್ರವರಿ 24ರಂದು ಮುಂಬಯಿಯಲ್ಲಿ ಶಾಂತಾ ಆಪ್ಟೆ ನಿಧನ ಹೊಂದಿದರು. ಪ್ರಭಾತದ ಆವರಣವು ಅದಕ್ಕೆ ಮೊದಲೇ, 1960ರಲ್ಲಿ, ಚಿತ್ರಕಲೆಯನ್ನು ಕಲಿಸುವ ಸರಕಾರಿ ಫಿಲ್ಮ್ ಇನ್‌ಸ್ಟಿಟ್ಯೂಟ್ ಆಗಿತ್ತು.