ಅಡುಗೆಮನೆಯ ವಿಜ್ಞಾನಿ ಆಗ್ನೆಸ್ ಪಾಕೆಲ್ಸ್

ಜೀವಕೋಶದ ಪೊರೆಯ ಪಾಠ ಬಂದಾಗಲೆಲ್ಲ ನಾನು ಆಗ್ನೆಸ್ ಪಾಕೆಲ್ಸ್ ಅವರನ್ನು ಸ್ಮರಿಸುತ್ತೇನೆ. 1862ರಲ್ಲಿ ವೆನಿಸ್‌ನಲ್ಲಿ ಜನಿಸಿದ ಆಕೆ ಬಾಳಿದ್ದು ಜರ್ಮನಿಯ ಬ್ರೌನ್‌ಶ್ವೈಗ್ ನಗರದಲ್ಲಿ. ಹೆಣ್ಣುಮಕ್ಕಳಿಗೆ ಅಲ್ಲಿ ವಿಶ್ವವಿದ್ಯಾಲಯದ ಬಾಗಿಲು ಮುಚ್ಚಿದ್ದ ಕಾಲವದು. ಮನೆವಾರ್ತೆ ನೋಡಿಕೊಳ್ಳುತ್ತಲೇ ತಗಡಿನ ತೊಟ್ಟಿಯೊಂದನ್ನು ರಚಿಸಿ, ಜಿಡ್ಡಿನ ಪದರವು ನೀರಿನ ಮೇಲ್ಮೈ ಎಳೆತವನ್ನು ಎಷ್ಟು ತಗ್ಗಿಸುವುದೆಂದು ಅಳೆದರು. ಲಾರ್ಡ್ ರೇಲಿಯವರಿಗೆ ಬರೆದ ಅವರ ಪತ್ರ 1891ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಆ ತೊಟ್ಟಿಯ ವಿಧಾನವನ್ನು ಮುಂದೆ ಲ್ಯಾಂಗ್‌ಮ್ಯೂರ್ ಸುಧಾರಿಸಿದರು. 1925ರಲ್ಲಿ ಗಾರ್ಟರ್ ಮತ್ತು ಗ್ರೆಂಡೆಲ್ ಅಂತಹ ತೊಟ್ಟಿಯಲ್ಲಿ ಕೆಂಪು ರಕ್ತಕಣಗಳ ಕೊಬ್ಬನ್ನು ಹರಡಿ, ಕಣಗಳ ಮೇಲ್ಮೈಯ ಇಮ್ಮಡಿ ವಿಸ್ತಾರವನ್ನು ಕಂಡು, ಪೊರೆಯಲ್ಲಿ ಕೊಬ್ಬು ಎರಡು ಪದರವಾಗಿದೆಯೆಂದು ತಿಳಿಸಿದರು. 1932ರಲ್ಲಿ ಗೌರವ ಡಾಕ್ಟರೇಟ್ ಪಡೆದ ಆಗ್ನೆಸ್ 1935ರಲ್ಲಿ ನಿಧನರಾದರು. ಕಾಲೇಜು ಕಾಣದೆ ಮನೆಗೆಲಸದಲ್ಲಿ ಉಳಿದ ನಮ್ಮ ಹಳೆಯ ವಿದ್ಯಾರ್ಥಿನಿಯರೂ ಈ ಬಾಳನ್ನು ಅರಿಯಲೆಂಬುದೇ ನನ್ನ ಆಶಯ.